ಅಲುಗಿದರೂ ಮುಳುಗದ ಮನೆ

ಎರಡನೇ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಸಿದ್ದಾರ್ಥ ತನ್ನ ಹೊಸ ಮನೆಯ ಸುತ್ತ ಒಂದು ಸುತ್ತು ಬಂದಾಗ, ಜಲ್ಲಿ ತುಂಬಿದ ಏಳನೇ ಗುಂಡಿಯೊಳಗೆ ನೀಲಿ ಪೈಪೊಂದು ತಲೆಯಿಟ್ಟು ಮಲಗಿತ್ತು. ಅದರ ಬಾಲ ಹಿಡಿದು ಹೊರಟರೆ ಬೇಲಿ ದಾಟಿ, ಗೋಡೆಯ ಸಂದಿಯಲ್ಲಿ ನುಸುಳಿ, ಪಕ್ಕದ ಮನೆ ಕರಿಯಪ್ಪನ ಬಚ್ಚಲಿಗೆ ಹೋಗಿ ಮುಟ್ಟುತ್ತಿತ್ತು. ಒಳಗೆ ಕರಿಯಪ್ಪ ಸ್ನಾನ ಮಾಡುತ್ತಿದ್ದ. ಅತ್ತ ಅವನು ಒಂದು ಚೊಂಬು ಸುರಿದುಕೊಂಡರೆ ಇತ್ತ ಏಳನೇ ಗುಂಡಿಯಲ್ಲಿ ಸೋಪಿನ ನೊರೆ ಏಳುತ್ತಿತ್ತು.

ಬಚ್ಚಲು ನೀರಿಗೆ ಇಷ್ಟೊಂದು ಎದೆ ಬಡಿದುಕೊಳ್ಳಬೇಕೇ ಎಂದು ನೀವು ಕೇಳಬಹುದು. ಸಿದ್ದಾರ್ಥನ ಕಷ್ಟ ಗೊತ್ತಿಲ್ಲದವರು ಹಾಗೇ ಕೇಳುವುದು.

ಸಿದ್ದಾರ್ಥ ನಾಗಮಂಗಲದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಅಟೆಂಡರು. ಊರಿನವರು ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು, ಅವನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ. ಲ್ಯಾಬಿನಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರ ತುಂಬ ಮರಳು, ಮರಳಿನ ತುಂಬ ನೀರು, ಮೇಲೊಂದು ಪುಟ್ಟ ಮರದ ಮನೆ. ಪೆಟ್ಟಿಗೆಯ ಹಿಡಿ ಹಿಡಿದು ಗಡಗಡ ಅಲುಗಿಸಿದರೆ ಅಷ್ಟು ಹೊತ್ತು ಗಟ್ಟಿಯಾಗಿದ್ದ ಮರಳು ಅಂಬಲಿಯಂತಾಗಿ ಮನೆ ಗುಳುಂ ಎಂದು ಮುಳುಗುತ್ತಿತ್ತು. ಭೂಕಂಪದಲ್ಲಿ ಒದ್ದೆ ಮರಳಿನ ನೆಲ ಹೀಗೇ ಆಗುತ್ತದೆ ಎಂದು ಪ್ರೊಫೆಸರ್ ಮೇಡಂ ಪಾಠ ಹೇಳುತ್ತಿದ್ದರು. ಹುಡುಗರು ಬರೆದುಕೊಂಡು, ಪರೀಕ್ಷೆ ಬರೆದು, ಮರೆಯುತ್ತಿದ್ದರು. ಮರಳೊಳಗೆ ಕೈಹಾಕಿ ಮನೆಯನ್ನು ತಡಕಿ ತೆಗೆದು ತೊಳೆದಿಡುತ್ತಿದ್ದವನು ಮಾತ್ರ ಸಿದ್ದಾರ್ಥ. ಇಪ್ಪತ್ತೆರಡು ವರ್ಷ ವಾರಕ್ಕೆ ಎರಡು ಸಲ ಮನೆ ಮುಳುಗುವುದನ್ನು ನೋಡಿದವನಿಗೆ ಮರೆಯುವುದು ಹೇಗೆ?

ಅಂಥವನಿಗೆ ಸೈಟು ಸಿಕ್ಕಿದ್ದೂ ಎಲ್ಲಿ? ಪಾಂಡವಪುರದಿಂದ ಆರು ಕಿಲೋಮೀಟರ್ ಆಚೆ, ಮಳಲಿಕೊಪ್ಪಲಿನ ನಾಲೆ ಬೀದಿಯಲ್ಲಿ. ಹೆಂಡತಿ ಸುನಿತಾಳ ತವರಿನ ಪಾಲಿಗೆ ಬಂದ ಜಾಗ. ಮೊದಲು ಗದ್ದೆ ಇತ್ತು. ಮೊಣಕಾಲುದ್ದ ಅಗೆದರೆ ಮರಳು, ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಇನ್ನೊಂದು ಮೊಣಕಾಲು ಅಗೆದರೆ ನೀರು. ಆ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿದ ದಿನ ಸಿದ್ದಾರ್ಥನಿಗೆ ಊಟ ಸೇರಲಿಲ್ಲ. ಮೇಡಂ ಕೈಕಾಲು ಹಿಡಿದು ಕರೆತಂದ. ಅವರು ಮನೆಯ ಸುತ್ತ ಇಪ್ಪತ್ತನಾಲ್ಕು ಕಡೆ ಸುಣ್ಣದ ಗುರುತು ಹಾಕಿಕೊಟ್ಟರು. ಪಾಯ ತೋಡುವ ಮೊದಲೇ ಅಲ್ಲೆಲ್ಲ ಇಪ್ಪತ್ತಡಿ ಆಳ ಕೊರೆಸಿ, ಮರಳು ನುಗ್ಗದಂತೆ ಒಳಗೆ ಬಲೆಬಟ್ಟೆ ಇಳಿಸಿ, ಬಾಯಿವರೆಗೂ ಜಲ್ಲಿ ತುಂಬಿಸಿದ. ಭೂಮಿ ಅಲುಗಿದಾಗ ಮರಳಿನೊಳಗೆ ಸಿಕ್ಕಿಬಿದ್ದ ನೀರು ಮನೆಯನ್ನು ಮುಳುಗಿಸುವ ಬದಲು ಈ ಜಲ್ಲಿಯ ಸಂದಿಯಿಂದ ಮೇಲೆ ಬಂದು ಹರಿದು ಹೋಗುತ್ತದೆ, ಮರಳು ಗಟ್ಟಿಯಾಗಿಯೇ ಉಳಿಯುತ್ತದೆ. ಲೆಕ್ಕ ಇಷ್ಟೇ. ಜಲ್ಲಿಯ ಸಂದಿಯಲ್ಲಿ ಸೋಪು, ಕೂದಲು, ಕೆಸರು ಕಟ್ಟಿಕೊಂಡರೆ ಇದ್ದೂ ಇಲ್ಲದಂತೆ.

ಬುಧವಾರ ಗೃಹಪ್ರವೇಶ. ಗಂಡ ಹೆಂಡತಿ ಒಂಬತ್ತು ಬಾಡಿಗೆ ಮನೆ ಬದಲಾಯಿಸಿದವರು. ಒಂದೊಂದು ಮನೆಗೆ ಹೋದಾಗಲೂ ಹಾಲು ಉಕ್ಕಿಸುವಾಗ ಸುನಿತಾ, ಇದು ನಮ್ಮ ಒಲೆ ಆಗಿದ್ದಿದ್ದರೆ ಎಂದು ಅನ್ನದೆ ಇದ್ದದ್ದಿಲ್ಲ. ಈಗ ತಮ್ಮದೇ ಮನೆ, ತಮ್ಮದೇ ಒಲೆ, ಮೊದಲ ಹಾಲು ತಮ್ಮ ಕೈಯಿಂದಲೇ ಉಕ್ಕಬೇಕು ಎಂಬುದೊಂದೇ ಇಬ್ಬರ ಆಸೆ. ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣದವರೆಗೆ ನೆಂಟರಿಗೆಲ್ಲ ಕಾರ್ಡು ಹಂಚಿಯಾಗಿತ್ತು.

ಕರಿಯಪ್ಪ ಟವೆಲ್ ಸುತ್ತಿಕೊಂಡು ಹೊರಗೆ ಬರುವವರೆಗೆ ಕಾದು, ಸಿದ್ದಾರ್ಥ ಬೇಲಿಯ ಹತ್ತಿರ ಹೋದ.

“ಕರಿಯಣ್ಣ, ಪೈಪು ತೆಗೀರಿ. ಅದು ಬಚ್ಚಲು ನೀರಿಗೆ ಮಾಡಿದ್ದಲ್ಲ.”

“ಇನ್ಯಾವ ನೀರಿಗೆ?”

“ಭೂಮಿ ಅಲುಗಿದಾಗ ಕೆಳಗಿಂದ ಮೇಲಕ್ಕೆ ಬರೋ ನೀರಿಗೆ.”

“ಯಾವಾಗ ಅಲುಗ್ತದೆ?”

“ಅದು ಯಾರಿಗೂ ಗೊತ್ತಿಲ್ಲ.”

ಕರಿಯಪ್ಪ ಕಿವಿಯೊಳಗಿನ ನೀರು ಒರೆಸಿಕೊಂಡು ಸಾವಧಾನವಾಗಿ ಯೋಚಿಸಿದ. “ಅಲ್ಲೀಗಂಟ ಗುಂಡಿ ಸುಮ್ಕೆ ಬಾಯಿ ಬುಟ್ಕಂಡು ಬಿದ್ದಿರಬೇಕಾ ಮೇಷ್ಟ್ರೇ? ಅಲುಗೋ ದಿನ ಒಂದು ಮಾತು ಹೇಳಿ ಕಳ್ಸಿ. ಪೈಪು ಕಿತ್ಕತೀನಿ. ಅವತ್ತೊಂದಿನ ನಮ್ಮನೇಲಿ ಯಾರೂ ನೀರು ಉಯ್ಕಳಾಕಿಲ್ಲ.”

ಸೋಪಿನಿಂದ ಜಲ್ಲಿಯ ಸಂದಿ ಕಟ್ಟಿಕೊಳ್ಳುತ್ತದೆ ಎಂದು ಸಿದ್ದಾರ್ಥ ವಿವರಿಸಿದ. ತಮ್ಮ ಮನೆಯಲ್ಲಿ ಸೋಪು ಬಳಸುವುದು ತಾನೊಬ್ಬನೇ, ಅವ್ವ ಸೀಗೇಪುಡಿ, ಹೆಂಡತಿ ಕಡಲೆಹಿಟ್ಟು ಎಂದು ಕರಿಯಪ್ಪ ಸಮಾಧಾನ ಹೇಳಿದ. ಕಡಲೆಹಿಟ್ಟು ಎಂಬ ಮಾತು ಕೇಳಿ ಸಿದ್ದಾರ್ಥನಿಗೆ ಜಲ್ಲಿಯ ಸಂದಿಯಲ್ಲಿ ಬೋಂಡದ ಹಿಟ್ಟು ತುಂಬಿದಂತೆ ಕಂಡಿತು. ಇದು ನನ್ನ ಕೈಲಾಗುವ ಕೆಲಸವಲ್ಲ ಎಂದುಕೊಂಡು ಅವನು ಪಂಚಾಯಿತಿ ಮೆಂಬರ್ ಮಂಚಮ್ಮನ ಮನೆಗೆ ಹೋದ. ಅವನ ಜೀವನದ ತಪ್ಪುಗಳ ಪಟ್ಟಿ ಮಾಡಿದರೆ ಇದು ಮೇಲಿನ ಸಾಲಿಗೇ ಬರುತ್ತದೆ.

ಮಂಚಮ್ಮನಿಗೆ ಆ ವಾರ ತನ್ನದೇ ಒಂದು ಸಂಕಟವಿತ್ತು. ಮನೆಗೊಂದು ಬಚ್ಚಲು ಗುಂಡಿ ಮಾಡಿಸಬೇಕೆಂದು ಪಂಚಾಯಿತಿಯಲ್ಲಿ ಅಭಿಯಾನ ನಡೆದಿತ್ತು. ಗುಂಡಿ ತೋಡಿ, ಕಲ್ಲು ತುಂಬಿ, ಬಚ್ಚಲು ನೀರು ಇಂಗಿಸುವುದು. ನಾಲೆ ಬೀದಿಯವರು ಸೈಟಿನ ಅಂಚಿನವರೆಗೂ ಗೋಡೆ ಎಬ್ಬಿಸಿದ್ದರಿಂದ ಗುಂಡಿಗೆ ಗೇಣು ಜಾಗವಿರಲಿಲ್ಲ. ಸೋಮವಾರ ತಾಲ್ಲೂಕಿನಿಂದ ಆಫೀಸರು ಗುಂಡಿ ನೋಡಲು ಬರುವವರಿದ್ದರು. ಬೀದಿಯಲ್ಲಿ ಒಂದೇ ಒಂದು ಗುಂಡಿ ಇಲ್ಲ. ಇಷ್ಟು ದಿನ ಸಿದ್ದಾರ್ಥನ ಮನೆಯ ಸುತ್ತ ಇಟ್ಟಿಗೆ, ಮರಳು, ಸೆಂಟ್ರಿಂಗ್ ಹಲಗೆ ಬಿದ್ದು ಗುಂಡಿಗಳು ಕಾಣುತ್ತಿರಲಿಲ್ಲ. ಅದನ್ನೆಲ್ಲ ಎತ್ತಿಸಿ ಅಂಗಳ ಗುಡಿಸಿದ್ದು ನಿನ್ನೆ ಸಾಯಂಕಾಲ.

ನ್ಯಾಯ ಹೇಳಲು ಬಂದ ಮಂಚಮ್ಮ ಗೇಟಿನ ಬಳಿಯೇ ನಿಂತುಬಿಟ್ಟಳು. ಆಮೇಲೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಲೆಕ್ಕ ತಪ್ಪಿತೇನೋ ಎಂದು ಇನ್ನೊಂದು ಹಾಕಿದಳು.

“ಬೀದೀಲಿ ಹತ್ತೊಂಬತ್ತು ಮನೆ, ಇಲ್ಲಿ ಇಪ್ಪತ್ನಾಕು ಗುಂಡಿ,” ಎಂದಳು. “ಐದು ಮಿಗ್ತವೆ ಕಣಪ್ಪ. ಇರ್ಲಿ ಬುಡು, ಮುಂದಕ್ಕೆ ಐಕ್ಳು ಬ್ಯಾರೆ ಮನೆ ಮಾಡಿದ್ರೆ ಬೇಕಾಯ್ತವೆ.”

ಸಿದ್ದಾರ್ಥ ಮೊದಲಿನಿಂದ ಭೂಕಂಪದ ಕತೆ ಹೇಳಿದ. ಮಂಚಮ್ಮ ಪೂರ್ತಿ ಕೇಳಿದಳು. ಅವಳಿಗೆ ಅರ್ಥವಾಗಲಿಲ್ಲ ಎಂದರೆ ತಪ್ಪಾಗುತ್ತದೆ, ಬೇಕಾಗಿದ್ದಷ್ಟು ಅರ್ಥವಾಯಿತು. ಗುಂಡಿ ಇದೆ, ಜಲ್ಲಿ ಇದೆ, ನೀರಿನ ಸಂಬಂಧವೂ ಇದೆ. ಇನ್ನು ನೀರು ಮೇಲೆ ಬರುತ್ತೋ ಕೆಳಗೆ ಹೋಗುತ್ತೋ ಎಂಬುದು ಆಫೀಸರು ಕೇಳುವ ಪ್ರಶ್ನೆಯಲ್ಲ. ಹತ್ತು ಗಂಟೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು, ಮನೆ ನಂಬರು ಬರೆದ ಸ್ಲೇಟು ಹಿಡಿದು, ಒಂದೊಂದು ಗುಂಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಪೈಪು ಕಂಡರೆ ಒಳ್ಳೆಯದು ಎಂದು ಮಂಚಮ್ಮನೇ ಹೇಳಿದಳು. ಹನ್ನೆರಡರ ಹೊತ್ತಿಗೆ ಒಂಬತ್ತು ಪೈಪುಗಳು ಬೇಲಿ ದಾಟಿ ಬಂದಿದ್ದವು. ಮನೆ ಗ್ಲೂಕೋಸ್ ಏರಿಸಿಕೊಂಡ ರೋಗಿಯ ಹಾಗೆ ನಡುವೆ ಬಿದ್ದಿತ್ತು.

ಸಿದ್ದಾರ್ಥ ಒಂದು ಪೈಪು ಕಿತ್ತರೆ ಇನ್ನೊಂದು ಬರುತ್ತಿತ್ತು. ಜಗಳವಾಡೋಣವೆಂದರೆ ಯಾರೂ ಜಗಳಕ್ಕೆ ಸಿಕ್ಕುತ್ತಿರಲಿಲ್ಲ. ಎಲ್ಲರೂ ಬಲು ಪ್ರೀತಿಯಿಂದ ಮಾತಾಡಿಸಿ, ಮೇಷ್ಟ್ರು ಬಂದ ಮೇಲೆ ಬೀದಿಗೆ ಅನುಕೂಲವಾಯಿತು ಎಂದು ಹೊಗಳಿ ಹೋಗುತ್ತಿದ್ದರು. ಕರಿಯಪ್ಪನ ತಾಯಿ ದ್ಯಾವಮ್ಮ, ಎಂಬತ್ತು ದಾಟಿದ ಮುದುಕಿ, ಒಂದು ಲೋಟ ಮಜ್ಜಿಗೆಯನ್ನೂ ತಂದುಕೊಟ್ಟಳು. ಹೊಟ್ಟೆ ಉರಿಯುತ್ತಿದ್ದರೂ ಸಿದ್ದಾರ್ಥ ಅದನ್ನು ಕುಡಿದ.

ಕೊನೆಗೆ ನಾಗಮಂಗಲದ ಬಾಡಿಗೆ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದ ಸುನಿತಾಳಿಗೆ ಫೋನು ಮಾಡಿದ. ಕಾಲೇಜಿಗೆ ಕರೆಂಟಿನ ಹೊಸ ಮೆಷೀನು ಬಂದಾಗ ಹಳೇ ಗಾಜಿನ ಪೆಟ್ಟಿಗೆಯನ್ನು ಎಸೆಯಲು ಮನಸ್ಸಾಗದೆ ಅವನೇ ಮೇಡಂರನ್ನು ಕೇಳಿ ಮನೆಗೆ ತಂದಿದ್ದ. ಅದನ್ನೀಗ ಕಳಿಸು ಎಂದ. ಮಾತು ಕೇಳಿಯೂ ಕೇಳಿಸಿಕೊಳ್ಳದವರು ಕಣ್ಣಲ್ಲಿ ನೋಡಿದರೆ ನಂಬುತ್ತಾರೆ ಎಂಬುದು ಅವನ ಎಣಿಕೆ.

“ರೀ, ಅದರಲ್ಲಿ ಈರುಳ್ಳಿ ಹಾಕಿದೀನಿ,” ಎಂದಳು ಸುನಿತಾ.

“ಈರುಳ್ಳಿ ಸುರಿದು ಕಳಿಸೇ. ಮನೆ ಹೋಗ್ತಾ ಇದೆ ಇಲ್ಲಿ.”

ಎರಡು ಗಂಟೆಗೆ ಗೂಡ್ಸ್ ಆಟೋದ ಮುಬಾರಕ್ ಮೊದಲ ಲೋಡಿನ ಜೊತೆ ಪೆಟ್ಟಿಗೆಯನ್ನೂ ತಂದಿಳಿಸಿದ. ದಾರಿಯುದ್ದಕ್ಕೂ ಗಾಜು ಒಡೆಯದ ಹಾಗೆ ಹಾಸಿಗೆಯ ಮಧ್ಯೆ ಇಟ್ಟು ತಂದಿದ್ದೇನೆ, ಖುದಾ ಸಾಕ್ಷಿ ಎಂದು ಹೇಳಿ, ಸುನಿತಾಳನ್ನೂ ಉಳಿದ ಸಾಮಾನನ್ನೂ ತರಲು ತಿರುಗಿ ಹೋದ. ಸಿದ್ದಾರ್ಥ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟ. ತನ್ನದೇ ಸೈಟಿನ ಮರಳು ತುಂಬಿ, ತೇವ ಮೇಲೆ ಮಿನುಗುವವರೆಗೆ ನೀರು ಹೊಯ್ದ. ಬಲಗಡೆ ಜಲ್ಲಿ ತುಂಬಿದ ಬಲೆಯ ಕೊಳವೆಗಳನ್ನು ನೆಟ್ಟ, ಎಡಗಡೆ ಬರೀ ಮರಳು ಬಿಟ್ಟ. ಬೀದಿಯವರನ್ನೆಲ್ಲ ಕರೆದ. ಶನಿವಾರ ಮಧ್ಯಾಹ್ನ, ಬಿಟ್ಟಿ ತಮಾಷೆ, ಯಾರು ತಾನೆ ಬರುವುದಿಲ್ಲ?

ಮೊದಲ ಸಲ ಎಡಗಡೆಯ ಮರದ ಮನೆ ಮುಳುಗಿದಾಗ ಜನ ನಕ್ಕರು. ಆಟದ ಮನೆ, ಮುಳುಗಿತು, ಅದರಲ್ಲೇನು? ಸಿದ್ದಾರ್ಥನಿಗೆ ರೇಗಿತು. ಮೇಡಂ ಪಾಠ ಮಾಡುವಾಗ, ಇದು ನಿಮ್ಮ ಹಾಸ್ಟೆಲ್ ಅಂದುಕೊಳ್ಳಿ ಎಂದು ಹುಡುಗರಿಗೆ ಹೇಳುತ್ತಿದ್ದದ್ದು ನೆನಪಾಯಿತು. ಅವನು ಇಟ್ಟಿಗೆ ಚೂರುಗಳನ್ನು ಆರಿಸಿ ತಂದು ಎಡಗಡೆ ಸಾಲಾಗಿ ಜೋಡಿಸಿದ. ಇದು ಕರಿಯಣ್ಣನ ಮನೆ, ಇದು ಮಂಚಕ್ಕನ ಮನೆ, ಇದು ಹಾಲಿನ ಡೇರಿ, ಇದು ಮೂಲೆಯ ಚಿಲ್ಲರೆ ಅಂಗಡಿ. ಬಲಗಡೆ ಕೊಳವೆಗಳ ನಡುವೆ ಮರದ ಮನೆಯಿಟ್ಟು, ಇದು ನನ್ನದು ಎಂದ. ಹಿಡಿ ಹಿಡಿದು ಅಲುಗಿಸಿದ.

ಕರಿಯಪ್ಪನ ಮನೆ ಮೊದಲು ಓರೆಯಾಯಿತು. ಮಂಚಮ್ಮನದು ನೆಟ್ಟಗೆ ಇಳಿಯಿತು. ಡೇರಿಯೂ ಅಂಗಡಿಯೂ ಒಟ್ಟಿಗೆ ಹೋದವು. ಬಲಗಡೆ ಜಲ್ಲಿಯ ಬಾಯಿಂದ ನೀರು ಬುಳುಬುಳು ಎಂದು ಉಕ್ಕಿ ಹರಿದುಹೋಯಿತು, ಮರದ ಮನೆ ಇದ್ದಲ್ಲೇ ನಿಂತಿತ್ತು.

ಯಾರೂ ನಗಲಿಲ್ಲ.

“ನಮ್ಮನೆ ಎಲ್ಲೋಯ್ತು?” ಎಂದಳು ದ್ಯಾವಮ್ಮ.

ಸಿದ್ದಾರ್ಥ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಮರಳೊಳಗೆ ಕೈಹಾಕಿ, ಕರಿಯಪ್ಪನ ಮನೆಯನ್ನು ತಡಕಿ ತೆಗೆದು, ಕೆಸರು ತೊಟ್ಟಿಕ್ಕುತ್ತಿದ್ದ ಹಾಗೇ ಮುದುಕಿಯ ಕೈಗಿಟ್ಟ. ಅವಳು ಅದನ್ನು ಸೆರಗಿನಲ್ಲಿ ಒರೆಸಿದಳು. ಇನ್ನೊಂದು ಸಲ ಮಾಡಿ ತೋರಿಸಿ ಎಂದರು. ಅವನು ಐದು ಸಲ ಮಾಡಿ ತೋರಿಸಿದ. ನಮ್ಮ ಕಡೆ ಭೂಕಂಪ ಎಲ್ಲಿ ಆಗುತ್ತದೆ ಎಂದು ಹಿಂದಿನಿಂದ ಯಾರೋ ಧೈರ್ಯ ಮಾಡಿ ಕೇಳಿದ್ದಕ್ಕೆ, “ಮರಳಿಗೇನು ಗೊತ್ತು ಯಾರು ಅಲುಗಿಸ್ತಾವ್ರೆ ಅಂತ? ಅಲುಗಿದ್ರೆ ಸಾಕು,” ಎಂದುಬಿಟ್ಟ. ಜೀವನದಲ್ಲಿ ಮೊದಲ ಸಲ ಅವನು ನಿಜವಾಗಿ ಮೇಷ್ಟ್ರಾಗಿದ್ದ. ಅದರ ಅಮಲು ತಲೆಗೇರಿತ್ತು.

ಕರಿಯಪ್ಪ ಎದ್ದು ಹೋಗಿ ತನ್ನ ಪೈಪನ್ನು ತಾನೇ ಕಿತ್ತ. ಹಿಂದೆಯೇ ಉಳಿದವರೂ ಕಿತ್ತರು. ಮಂಚಮ್ಮ ಫೋನು ತೆಗೆದು ಹತ್ತೊಂಬತ್ತು ಫೋಟೋಗಳನ್ನೂ ಅಳಿಸಿದಳು. ಆಫೀಸರಿಗೆ ಬೇರೇನಾದರೂ ಹೇಳಿಕೊಂಡರಾಯಿತು, ಇಂಥ ಗುಂಡಿಗೆ ಕೊಳಕು ಬಿಡಬಾರದು ಎಂದಳು. ಸಿದ್ದಾರ್ಥನ ಕಣ್ಣು ತೇವವಾಯಿತು. ಮನುಷ್ಯರು ಕೆಟ್ಟವರಲ್ಲ, ಸರಿಯಾಗಿ ತಿಳಿಸಿ ಹೇಳಬೇಕಷ್ಟೆ ಎನಿಸಿ ಮನಸ್ಸು ಹಗುರಾಯಿತು.

ಆಮೇಲೂ ಜನ ಹೋಗಲಿಲ್ಲ. ಕಟ್ಟಿದ ಮನೆಗೆ ಈಗ ಇಂಥ ಗುಂಡಿ ಹಾಕಿಸಬಹುದೇ ಎಂದು ಕೇಳಿದರು. ಸುಳ್ಳು ಹೇಳುವ ಅಭ್ಯಾಸವಿಲ್ಲದ ಸಿದ್ದಾರ್ಥ, ಕಟ್ಟುವ ಮೊದಲೇ ಹಾಕಿಸಬೇಕಿತ್ತು, ನಿಮ್ಮ ಗೋಡೆಗೆ ಗೋಡೆ ಅಂಟಿಕೊಂಡಿರುವ ಬೀದಿಯಲ್ಲಿ ಈಗ ಬಲು ಕಷ್ಟ ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲ್‌ನಲ್ಲಿ ಎಷ್ಟು ಜನ ಹಿಡಿಸಬಹುದು ಎಂದು ಮಂಚಮ್ಮ ವಿಚಾರಿಸಿದಳು. ಬುಧವಾರದ ಊಟದ ಪಂಕ್ತಿಯ ಯೋಚನೆಯಲ್ಲಿದ್ದ ಸಿದ್ದಾರ್ಥ, ಒತ್ತಿ ಕೂತರೆ ಅರವತ್ತಕ್ಕೆ ಮೋಸವಿಲ್ಲ ಎಂದ. ನೆಲ ಭಾರ ತಡೆಯುತ್ತದಾ ಎಂದು ಕರಿಯಪ್ಪ ಕೇಳಿದ. ಆನೆ ನಿಲ್ಲಿಸಿದರೂ ತಡೆಯುತ್ತದೆ ಎಂದ. ಎಲ್ಲರೂ ಸಮಾಧಾನದಿಂದ ತಲೆಯಾಡಿಸಿ, ಹಾಲು ಕರೆಯುವ ಹೊತ್ತಾಯಿತೆಂದು ಹೊರಟರು.

ಐದೂವರೆಗೆ, ದಿನವೂ ಆಗುವ ಹಾಗೆ, ಗುಡ್ಡದಾಚೆಯ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹಾರಿತು. ದಿನವೂ ಆಗುವ ಹಾಗೆ ಕಿಟಕಿಯ ಗಾಜು ಜುಂಯ್ ಎಂದಿತು, ಅಡುಗೆಮನೆಗಳಲ್ಲಿ ಲೋಟಕ್ಕೆ ಲೋಟ ತಾಗಿತು. ದಿನವೂ ಅದನ್ನು ಕೇಳಿ ಟೀ ಒಲೆಗಿಡುತ್ತಿದ್ದ ಬೀದಿ ಇವತ್ತು ಎದ್ದು ನಿಂತಿತು.

ಮೊದಲು ಬಂದದ್ದು ಕರಿಯಪ್ಪನ ಹಸು. ಅರ್ಧ ಕರೆದಿದ್ದ ಹಸುವನ್ನೂ ಕರುವನ್ನೂ ಹಗ್ಗ ಹಿಡಿದು ಎಳೆದುಕೊಂಡು ಅವನು ನೇರವಾಗಿ ಮುಂಬಾಗಿಲಿಗೆ ಬಂದ. ಜಗಲಿಯಲ್ಲಿ ಪೆಟ್ಟಿಗೆ ತೊಳೆಯುತ್ತಿದ್ದ ಸಿದ್ದಾರ್ಥ ಅಡ್ಡ ನಿಂತು, ಅದು ಕ್ವಾರಿ ಸದ್ದು ಕರಿಯಣ್ಣ ಎಂದ.

“ಸದ್ದು ಕ್ವಾರೀದೇ, ನಂಗೊತ್ತಿಲ್ವಾ? ಅಲುಗಿದ್ದು ಭೂಮಿ ತಾನೆ. ಮರಳಿಗೇನು ಗೊತ್ತು ಯಾರು ಅಲುಗಿಸಿದ್ರು ಅಂತ? ನೀವೇ ಅಂದ್ರಲ್ಲ ಮೇಷ್ಟ್ರೇ.”

ಅಷ್ಟರಲ್ಲಿ ಹಸು ಒಳಗಿತ್ತು. ಅದರ ಹಿಂದೆ ಕುರ್ಚಿಯ ಮೇಲೆ ದ್ಯಾವಮ್ಮ, ಹಿಂದೆ ಗ್ಯಾಸ್ ಸಿಲಿಂಡರು, ಒಲೆ, ರಾಗಿ ಮೂಟೆ, ಎರಡು ಟೀವಿ, ಕೋಳಿ ಪಂಜರ. ಡೇರಿಯ ಸೆಕ್ರೆಟರಿ ಆಗಷ್ಟೇ ಅಳೆದುಕೊಂಡಿದ್ದ ಹಾಲಿನ ಕ್ಯಾನುಗಳನ್ನು ಉರುಳಿಸಿಕೊಂಡು ಬಂದ. ಸಿದ್ದಾರ್ಥ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಬ್ಬೊಬ್ಬರಿಗೂ ಸಮಜಾಯಿಷಿ ಹೇಳುತ್ತ ಹೋದ. ಒಬ್ಬೊಬ್ಬರೂ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಹಾಗೆ ಸರಿದು ಸರಿದು ಅವನು ಜಗಲಿಗೆ ಬಂದ, ಜಗಲಿಯಲ್ಲೂ ಮೂಟೆ ಬಿದ್ದ ಮೇಲೆ ಅಂಗಳಕ್ಕೆ, ಅಂಗಳದಲ್ಲಿ ಎಮ್ಮೆಗಳನ್ನು ಕಟ್ಟಿದ ಮೇಲೆ ಗೇಟಿನ ಹೊರಕ್ಕೆ ಬಂದ.

ಒಳಗೆ ಕೆಲಸಗಳು ತಮ್ಮಷ್ಟಕ್ಕೆ ನಡೆದವು. ದೀಪ ಹಚ್ಚುವ ಹೊತ್ತಾಗಿತ್ತು, ದ್ಯಾವಮ್ಮ ದೇವರ ಗೂಡಿನಲ್ಲಿ ದೀಪ ಹಚ್ಚಿದಳು. ಹಾಲಿನ ಲಾರಿ ಬರುವ ಜಾಗಕ್ಕೆ ಹೋಗಲು ಸೆಕ್ರೆಟರಿಗೆ ಧೈರ್ಯವಿರಲಿಲ್ಲ, ಕಾಯಿಸದಿದ್ದರೆ ಅಷ್ಟು ಹಾಲೂ ಒಡೆಯುತ್ತದೆ. ಕರಿಯಪ್ಪನ ಒಲೆಯನ್ನು ಅಡುಗೆಮನೆಯ ಹೊಸ ಕಟ್ಟೆಯ ಮೇಲಿಟ್ಟು ದೊಡ್ಡ ತಪ್ಪಲೆ ಏರಿಸಿದರು. ಅಷ್ಟು ಜನರ ಗಲಾಟೆಯಲ್ಲಿ ಯಾರು ನೋಡುತ್ತಾರೆ? ಹಾಲು ಉಕ್ಕಿ ನಾಲ್ಕೂ ಕಡೆಗೆ ಹರಿಯಿತು.

ಮಂಚಮ್ಮ ಬೆರಳು ಮಡಿಸಿ ಎಣಿಸಿದಳು. ಹಸು ಹೊಸಿಲು ದಾಟಿದೆ, ದೀಪ ಹಚ್ಚಿದೆ, ಹಾಲು ಉಕ್ಕಿದೆ. ಮಂಚಮ್ಮ ತಪ್ಪು ಒಪ್ಪು ಇತ್ಯರ್ಥವಾಗದೆ ನಿದ್ದೆ ಮಾಡುವವಳಲ್ಲ. ಬುಧವಾರದ ಪೂಜೆಗೆ ಗೊತ್ತುಮಾಡಿದ್ದ ಅಯ್ನೋರು ಮಹದೇವಸ್ವಾಮಿಗೆ ಅಲ್ಲಿಂದಲೇ ಫೋನು ಮಾಡಿ, ಸ್ಪೀಕರಿಗೆ ಹಾಕಿದಳು. ಅವರು ಒಂದೊಂದಾಗಿ ಕೇಳಿದರು, ಅವಳು ಒಂದೊಂದಕ್ಕೂ ಹೂಂ ಎಂದಳು.

“ಹಾಗಾದ್ರೆ ಮುಗೀತಲ್ಲಮ್ಮ,” ಎಂದರು ಅಯ್ನೋರು. “ಗೋಧೂಳಿ ಹೊತ್ತು, ಒಳ್ಳೇ ಲಗ್ನವೇ. ಒಂದು ಮನೆಗೆ ಎರಡು ಸಲ ಗೃಹಪ್ರವೇಶ ಮಾಡೋ ಪದ್ಧತಿ ಇಲ್ಲ. ಬುಧವಾರ ನಾನು ಬೇರೆ ಕಡೆ ಒಪ್ಪಿಕೊಳ್ತೀನಿ.”

ಸುನಿತಾ ಮುಬಾರಕನ ಆಟೋದಿಂದ ಇಳಿದಾಗ ಕತ್ತಲಾಗುತ್ತಿತ್ತು. ಹಾಲು ಉಕ್ಕಿಸಲೆಂದು ಶ್ರೀರಂಗಪಟ್ಟಣದಿಂದ ತರಿಸಿದ್ದ ಹೊಸ ಹಿತ್ತಾಳೆ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. ಮನೆಯ ಎಲ್ಲ ದೀಪಗಳೂ ಉರಿಯುತ್ತಿದ್ದವು, ಒಳಗಿಂದ ಸಾರಿನ ಘಮ ಬರುತ್ತಿತ್ತು. ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದ ಗಂಡ ನಡೆದದ್ದೆಲ್ಲ ಹೇಳಿದ. ಅವಳು ಪಾತ್ರೆಯನ್ನು ಎದೆಗೊತ್ತಿಕೊಂಡು ಕೇಳಿದಳು. ಅಳು ಬಂತು, ಬೀದಿಯಲ್ಲಿ ಅಳಬಾರದೆಂದು ನುಂಗಿಕೊಂಡಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಪಾಪ, ಅವಳು ಕೇಳಿದ್ದು ಒಂದು ಲೋಟ ಹಾಲು ಉಕ್ಕಿಸುವ ಭಾಗ್ಯ. ಇವರೆಲ್ಲ ಯಾವಾಗ ಹೋಗುತ್ತಾರೆ ಎಂದು ಅವಳು ಮೆತ್ತಗೆ ಕೇಳಿದಳು. ಭೂಮಿ ಇನ್ನು ಅಲುಗುವುದಿಲ್ಲ ಎಂದು ಗೊತ್ತಾದ ಮೇಲೆ ಹೋಗುತ್ತಾರಂತೆ, ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೇನೆ ಎಂದ ಸಿದ್ದಾರ್ಥ.

ಅಷ್ಟರಲ್ಲಿ ಮಂಚಮ್ಮ ಅವರನ್ನು ಕಂಡು, ಅಯ್ಯೋ ಹೊರಗೆ ಯಾಕೆ ನಿಂತಿರಿ ಎಂದು ಎಮ್ಮೆಗಳ ನಡುವೆ ದಾರಿ ಮಾಡಿಕೊಂಡು ಬಂದು ಕರೆದೊಯ್ದಳು. ಹೊಸಿಲಲ್ಲಿ ಸುನಿತಾಳಿಗೆ ಅರಿಶಿನ ಕುಂಕುಮ ಕೊಟ್ಟಳು, ಸಿದ್ದಾರ್ಥನ ಕೈಗೆ ವೀಳ್ಯದೆಲೆ, ಬಾಳೆಹಣ್ಣು ಇಟ್ಟಳು. ಹಾಲ್‌ನ ನಡುವೆ ಕುರ್ಚಿಯಲ್ಲಿ ಕೂತಿದ್ದ ದ್ಯಾವಮ್ಮ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ಬಹಳ ಆದರದಿಂದ ನೋಡಿದಳು.

“ಬಂದೋರು ಅಂಗೇ ಓಗಬಾರದು ಕಣಪ್ಪ. ಊಟ ಮಾಡ್ಕಂಡೇ ಓಗಬೇಕು.”

ಸಿದ್ದಾರ್ಥ ಚಪ್ಪಲಿ ಹೊರಗೆ ಬಿಟ್ಟು, ಪಂಕ್ತಿಯಲ್ಲಿ ಎರಡು ಜಾಗ ಇದೆಯೇ ಎಂದು ಕೇಳಿದ. ಮೊದಲನೆಯದು ತುಂಬಿದೆ, ಎರಡನೆಯದಕ್ಕೆ ಕಾಯಿರಿ ಎಂದು ಒಳಗಿನಿಂದ ಯಾರೋ ಹೇಳಿದರು.